ಕೊಟ್ಟವರು ಹೋದ ಮೇಲೆ

ಶಿವಮೊಗ್ಗೆಯಲ್ಲಿ ರೈಲು ಹತ್ತಿದರೆ ಭದ್ರಾವತಿ ಅರ್ಧ ಗಂಟೆಯ ದಾರಿ. ತುಂಗೆಯ ದಡದಿಂದ ಭದ್ರೆಯ ದಡಕ್ಕೆ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರನ್ನು ನಾಡಿನವರು ಕಬ್ಬಿಣದ ಊರೆಂದೇ ಬಲ್ಲರು. ಅದು ಮಾತಿನ ಊರೂ ಹೌದೆಂಬುದನ್ನು ನೆನೆಯುವವರು ಕಡಮೆ. ವೃತ್ತಪತ್ರಿಕೆಗಳು ಅಚ್ಚಾಗುವ ಕಾಗದ ಅಲ್ಲಿ ತಯಾರಾಗುತ್ತಿತ್ತು. 1965ರಲ್ಲಿ ಆರಂಭವಾದ ಅಲ್ಲಿನ ಆಕಾಶವಾಣಿ ನಿಲಯ ಮಲೆನಾಡಿನ ಅಡಕೆ ತೋಟಗಳಿಗೂ ಬಯಲಿನ ಭತ್ತದ ಗದ್ದೆಗಳಿಗೂ ಕನ್ನಡದ ಮಾತನ್ನು ಮುಟ್ಟಿಸುತ್ತ ಬಂದಿದೆ. ಕಾಗದದ ಕಾರ್ಖಾನೆ ನಿಂತು ಈಗ ಸುಮಾರು ಹತ್ತು ವರ್ಷವಾಯಿತು. ಬಾನುಲಿ ನಿಲಯ ಉಳಿದಿದೆ. ಜನರ ಮಾತಿಗೆ ಆಸರೆಯಾದ ಸಾಧನಗಳಲ್ಲಿ ಕೆಲವು ಏಕೆ ಬಾಳುತ್ತವೆ, ಕೆಲವು ಏಕೆ ಕೈಬಿಡುತ್ತವೆ ಎಂಬ ಪ್ರಶ್ನೆಯನ್ನು ಈ ಊರಿನಲ್ಲಿ ನಿಂತು ಕೇಳುವುದು ಸುಲಭ. ಆ ಪ್ರಶ್ನೆ ಇಂದು ಲೋಕದ ಪ್ರಶ್ನೆಯೂ ಆಗಿದೆ.

2025ರ ಜನವರಿ 20ರಂದು ಅಮೆರಿಕಾದ ಅಧ್ಯಕ್ಷರು ಹೊರದೇಶಗಳಿಗೆ ಕೊಡುವ ನೆರವನ್ನು ತಡೆಹಿಡಿಯುವ ಆಜ್ಞೆಗೆ ಸಹಿ ಹಾಕಿದರು. 1961ರಿಂದ ಆ ನೆರವನ್ನು ಹಂಚುತ್ತಿದ್ದ ಯು.ಎಸ್.ಏಡ್ ಸಂಸ್ಥೆಯ ಕೆಲಸ ಅದೇ ವರ್ಷದ ಜುಲೈ 1ಕ್ಕೆ ಮುಗಿಯಿತು. ಆ ಹಣದ ಒಂದು ಪಾಲು ಬಡ ದೇಶಗಳ ಮತ್ತು ಯುದ್ಧಪೀಡಿತ ನಾಡುಗಳ ಪತ್ರಿಕೆಗಳಿಗೆ, ಬಾನುಲಿಗಳಿಗೆ ಹೋಗುತ್ತಿತ್ತು. ಉಕ್ರೇನಿನಲ್ಲಿಯೂ, ಮ್ಯಾನ್ಮಾರಿನಿಂದ ಹೊರದೂಡಲ್ಪಟ್ಟ ಪತ್ರಕರ್ತರ ನಡುವೆಯೂ ಎಷ್ಟೋ ಕಚೇರಿಗಳು ಸಂಬಳ ಕೊಡಲಾರದೆ ಕೈಚೆಲ್ಲಿದವು. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎನ್ನುವುದು ನಮ್ಮ ಗಾದೆ. ದೇಶದೇಶಗಳ ನಡುವಣ ನೆರವಿನಲ್ಲಿ ಈ ಗಾದೆ ತಲೆಕೆಳಗಾಗುತ್ತದೆ. ಕೊಟ್ಟವನೇ ಈರಭದ್ರನಾಗಿ ಉಳಿಯುತ್ತಾನೆ; ಕೊಡುವ ಕೈ ಹಿಂದೆ ಸರಿದ ದಿನ ಇಸಗೊಂಡವನು ನಾಲ್ಕು ಜನರ ನಡುವೆ ಕೋಡಂಗಿಯಾಗುತ್ತಾನೆ.

ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಕೆಲವು ವಾಚಕರು ಹೇಳಬಹುದು. ನಿಜ, ನಮ್ಮ ದೇಶದಲ್ಲಿ 1976ರ ಶಾಸನವೂ, ಅದರ ಸ್ಥಾನದಲ್ಲಿ ಬಂದ 2010ರ ಶಾಸನವೂ ಪತ್ರಿಕೆಯ ಸಂಪಾದಕರು, ಒಡೆಯರು, ಮುದ್ರಕರು ಪರದೇಶದ ದೇಣಿಗೆ ಪಡೆಯಬಾರದೆಂದು ವಿಧಿಸಿವೆ. ಆದರೂ ನಮ್ಮ ಪತ್ರಿಕೆ, ಬಾನುಲಿ, ದೂರದರ್ಶನಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಹೊರಗಿನ ಕೈ ಅಲ್ಲಲ್ಲಿ ಕಾಣದಿರದು. ಆ ಕೈ ಏನನ್ನು ಕೊಟ್ಟಿತು, ಅದು ಹೋದ ಮೇಲೆ ಏನು ಉಳಿಯಿತು ಎಂದು ನೋಡುವುದೇ ಈ ಲೇಖನದ ಉದ್ದೇಶ.

ಕಲ್ಲಚ್ಚಿನ ಪತ್ರಿಕೆ

ಮೊದಲ ಕನ್ನಡ ಪತ್ರಿಕೆಯೇ ಇಂಥ ನೆರವಿನ ಕೂಸು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದ ಹಿಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ನಿನ ಹಣವಿತ್ತು. ಅಲ್ಲಿನ ಭಕ್ತಾದಿಗಳು ಕಾಸು ಕೂಡಿಸಿ ಕಳುಹಿಸಿದ್ದು ಧರ್ಮಪ್ರಚಾರಕ್ಕೆಂದು. ಕನ್ನಡಿಗರು ಊರಿನ ಸುದ್ದಿಯನ್ನೂ ಸರ್ಕಾರದ ಕಾನೂನನ್ನೂ ಓದಲೆಂದಲ್ಲ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ, ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಅದರ ಆಯುಸ್ಸು ಹೆಚ್ಚಿರಲಿಲ್ಲ.

ಪತ್ರಿಕೆ ಹೋಯಿತು, ಅದರ ಜೊತೆಗೆ ಬಂದದ್ದು ಹೋಗಲಿಲ್ಲ. ಅಚ್ಚಿನ ಮನೆಯಲ್ಲಿ ಕೆಲಸ ಕಲಿತ ಕೈಗಳು ಉಳಿದವು. ಮೋಗ್ಲಿಂಗ್ ಅವರೇ ಮುಂದೆ ಕಾಸಮೇಜರ್ ಎಂಬ ನಿವೃತ್ತ ಆಂಗ್ಲ ಅಧಿಕಾರಿಯ ಹಣದಿಂದ ಹಳೆಯ ಕನ್ನಡ ಕೃತಿಗಳ ಮಾಲೆಯನ್ನು ಹೊರತಂದರು. ದಾಸರ ಪದಗಳು ಅಚ್ಚು ಕಂಡದ್ದೂ ಆ ಕಾಲದಲ್ಲಿಯೆ. ಬಾಸೆಲಿನಲ್ಲಿ ಕಾಣಿಕೆ ಹಾಕಿದವರಿಗೆ ತಮ್ಮ ಮಿಷನ್ನಿನ ಯಂತ್ರದಿಂದ ಹರಿದಾಸರ ಹಾಡುಗಳು ಹೊರಬಂದವೆಂದು ತಿಳಿದಿದ್ದರೆ ಏನೆನ್ನುತ್ತಿದ್ದರೊ! ಕೊಟ್ಟವರ ಉದ್ದೇಶ ಒಂದು, ಪಡೆದವರ ಬಳಕೆ ಇನ್ನೊಂದು. ಅಚ್ಚು ಕನ್ನಡದ್ದಾದದ್ದು ಈ ಅಂತರದಲ್ಲಿಯೆ.

ಒಂಟಿಕೊಪ್ಪಲಿನ ಬಾನುಲಿ

ಬಾನುಲಿಯ ಕಥೆ ಬೇರೆ ಬಗೆಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಒಂದು ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ಯಂತ್ರದ ಭಾಗಗಳು ಹೊರಗಿನವಾಗಿದ್ದರೂ ಹಣ ಅವರದು, ಮಾತು ಊರಿನದು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಆ ಹೆಸರನ್ನು ಪಡೆಯಿತು. ಒಬ್ಬ ಅಧ್ಯಾಪಕರ ಹುಚ್ಚೆಂದು ಜನ ನಕ್ಕಿದ್ದರೂ ಇರಬಹುದು. ಆದರೆ ಪುರಸಭೆ ಕೈಜೋಡಿಸಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರವೇ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಹತ್ತು ವರ್ಷಗಳ ಅನಂತರ ಭದ್ರಾವತಿಗೆ ತನ್ನದೇ ನಿಲಯ ಬಂದಿತು.

ಈ ನಡುವೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1954ರಲ್ಲಿ ಫ್ರಾನ್ಸಿನ ಒಂದು ಕಂಪನಿಯ ಸಹಕಾರದಿಂದ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. ವಿದ್ಯೆ ಹೊರಗಿನಿಂದ ಬಂದಿತು, ಕಲಿತವರು ನಮ್ಮವರು. ಮುಂದೆ ಆಕಾಶವಾಣಿಗೆ ಬೇಕಾದ ಪ್ರೇಷಕ ಯಂತ್ರಗಳನ್ನು ಆ ಕಾರ್ಖಾನೆಯೇ ಮಾಡಿಕೊಟ್ಟಿತು. ಭದ್ರಾವತಿಗೆ ಇಂಥ ಪಾಠ ಹೊಸತಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯವರ ಸಲಹೆಯಂತೆ ಕಟ್ಟಲಾಯಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಅದೇ ವರ್ಷ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ಹೆಚ್ಚು ಸಂಬಳದ ಪರದೇಶೀಯರ ಸ್ಥಾನಗಳಿಗೆ ಕ್ರಮೇಣ ನಾಡಿನ ಎಂಜಿನಿಯರುಗಳನ್ನೇ ತಂದರು. ಹೊರಗಿನವರಿಂದ ಕಲಿಯುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಕಲಿಸಿದವರು ಯಾವಾಗ ಮನೆಗೆ ಹೊರಡಬೇಕೆಂಬುದನ್ನು ಮೊದಲೇ ಯೋಚಿಸಿದ್ದರು, ಅಷ್ಟೆ.

ನೂರು ಜನಕ್ಕೆ ಹತ್ತು ಪ್ರತಿ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪರದೇಶದ ನೆರವು ಒಂದು ಶಾಸ್ತ್ರವೇ ಆಯಿತು. 1949ರ ಜನವರಿಯಲ್ಲಿ ಅಮೆರಿಕಾದ ಅಧ್ಯಕ್ಷ ಟ್ರೂಮನ್ ಹಿಂದುಳಿದ ದೇಶಗಳಿಗೆ ತಂತ್ರಜ್ಞಾನದ ನೆರವನ್ನು ಘೋಷಿಸಿದರು. ಪತ್ರಿಕೆ, ಬಾನುಲಿ, ಚಲನಚಿತ್ರಗಳು ಹರಡಿದರೆ ಜನ ಹಳೆಯ ಜಾಡನ್ನು ಬಿಟ್ಟು ಹೊಸ ಬಾಳಿಗೆ ಹೊರಳುವರೆಂದು ವಿದ್ವಾಂಸರು ಬರೆದರು. 1964ರಲ್ಲಿ ಯುನೆಸ್ಕೊದ ಆಶ್ರಯದಲ್ಲಿ ಬಂದ ವಿಲ್ಬರ್ ಶ್ರಾಮ್ ಅವರ ಪುಸ್ತಕ ಅಂದಿನ ಆಡಳಿತಗಾರರ ಕೈಪಿಡಿಯಾಯಿತು. ಯುನೆಸ್ಕೊ ಒಂದು ಲೆಕ್ಕವನ್ನೂ ಕಟ್ಟಿತ್ತು: ಪ್ರತಿ ನೂರು ಜನಕ್ಕೆ ದಿನಪತ್ರಿಕೆಯ 10 ಪ್ರತಿ, 5 ರೇಡಿಯೋ, ಸಿನಿಮಾಮಂದಿರದಲ್ಲಿ 2 ಆಸನ. ಇಷ್ಟಿಲ್ಲದ ದೇಶ ಹಿಂದುಳಿದ ದೇಶ.

ಲೆಕ್ಕ ಸುಲಭ, ಬಾಳು ಸುಲಭವಲ್ಲ. ಪತ್ರಿಕೆಯ ಹತ್ತು ಪ್ರತಿ ಬಂದರೂ ಅದರಲ್ಲಿ ಯಾರ ಸುದ್ದಿ ಇದೆ, ಐದು ರೇಡಿಯೋಗಳಿದ್ದರೂ ಅವುಗಳಲ್ಲಿ ಮಾತನಾಡುವವರು ಯಾರು ಎಂಬುದು ಆ ಲೆಕ್ಕದೊಳಗೆ ಬರುತ್ತಿರಲಿಲ್ಲ. ಅಂದಿನ ಹಳ್ಳಿಗಳ ಪಂಚಾಯಿತಿ ರೇಡಿಯೋ ನೆನಪಿರುವವರಿಗೆ ಈ ಮಾತು ಬೇಗ ಅರ್ಥವಾದೀತು. ಪೆಟ್ಟಿಗೆ ಬರುತ್ತಿತ್ತು, ಹಾರ ಹಾಕಿ ಸ್ವಾಗತಿಸುತ್ತಿದ್ದರು. ಬ್ಯಾಟರಿ ಮುಗಿದ ಮೇಲೆ ಎಷ್ಟೋ ಕಡೆ ಅದು ಚಾವಡಿಯ ಗೂಡಿನಲ್ಲಿ ಮೂಕವಾಗಿ ಕುಳಿತಿತು. ಪಟ್ಟಿಯಲ್ಲಿ ಮಾತ್ರ ಆ ಹಳ್ಳಿಗೆ ರೇಡಿಯೋ ಇದ್ದೇ ಇತ್ತು.

ಆದರೆ ಅದೇ ಯುನೆಸ್ಕೊದ ನೆರವಿನಿಂದ ಒಂದು ಒಳ್ಳೆಯ ಪ್ರಯೋಗವೂ ನಡೆಯಿತೆಂಬುದನ್ನು ಮರೆಯಬಾರದು. 1956ರಲ್ಲಿ ಪುಣೆಯ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರ ಬಾನುಲಿ ಕೂಟಗಳನ್ನು ಏರ್ಪಡಿಸಿದರು. ಮಾದರಿ ಕೆನಡಾದ್ದು, ಅಲ್ಲಿ 1941ರಿಂದ ಇಂಥ ಕೂಟಗಳಿದ್ದವು. ವಾರಕ್ಕೆರಡು ದಿನ ಅರ್ಧ ಗಂಟೆಯ ಕಾರ್ಯಕ್ರಮ, ಹತ್ತು ವಾರ. ಸುಮಾರು ಇಪ್ಪತ್ತು ಜನ ಒಟ್ಟಿಗೆ ಕುಳಿತು ಕೇಳಿ ಚರ್ಚಿಸುತ್ತಿದ್ದರು. ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುತ್ತಿದ್ದರು, ಉತ್ತರ ಮತ್ತೆ ಬಾನುಲಿಯಲ್ಲಿ ಬರುತ್ತಿತ್ತು. ಪ್ರಯೋಗವನ್ನು ಪರೀಕ್ಷಿಸಿದ ಪಾಲ್ ನ್ಯೂರಾತ್ ಅವರಿಗೆ, ಕೂಟಗಳಿದ್ದ ಹಳ್ಳಿಯವರು ಕೂಟವಿಲ್ಲದ ಹಳ್ಳಿಯವರಿಗಿಂತ ಹೆಚ್ಚು ಕಲಿತದ್ದು ಸ್ಪಷ್ಟವಾಗಿ ಕಂಡಿತು. 1959ರಲ್ಲಿ ಯೋಜನೆ ದೇಶಕ್ಕೆಲ್ಲ ಹಬ್ಬಿತು. ಹಬ್ಬಿದಂತೆಲ್ಲ ಕೂಟಗಳ ಸಂಖ್ಯೆ ಏರಿ, ಚರ್ಚೆಯ ಕಾವು ಇಳಿಯಿತು. ಎಷ್ಟೋ ಕೂಟಗಳು ಕಡತದಲ್ಲಿ ಮಾತ್ರ ಉಳಿದವು. ಪುಣೆಯಲ್ಲಿ ಫಲ ಕೊಟ್ಟದ್ದು ಪೆಟ್ಟಿಗೆಯಲ್ಲ, ಹಳ್ಳಿಯಿಂದ ನಿಲಯಕ್ಕೆ ಹೋಗುತ್ತಿದ್ದ ಆ ಕಾಗದಗಳು ಎಂಬುದನ್ನು ಯೋಜನೆ ಬೆಳೆಸಿದವರು ಗಮನಿಸಲಿಲ್ಲ.

ಭದ್ರಾವತಿಯ ನಿಲಯ ಜನರಿಗೆ ಹತ್ತಿರವಾದದ್ದೂ ಇದೇ ಗುಟ್ಟಿನಿಂದ. ಮಧ್ಯಮ ತರಂಗದ 675 ಕಿಲೊಹರ್ಟ್ಸಿನಲ್ಲಿ ಕೇಳಿಬಂದ ಕೃಷಿಕರ ಮಾತು, ಜಾನಪದ ಗೀತೆ, ಕೇಳುಗರ ಪತ್ರಗಳಿಗೆ ಉತ್ತರ, ಇವೆಲ್ಲ ಅಲ್ಲಿನ ನುಡಿಯಲ್ಲಿಯೇ ಇದ್ದವು. ಅಡಕೆಯ ಕೊಳೆರೋಗದ ಮಾತು ದೆಹಲಿಯಿಂದ ಬರಲಾರದಷ್ಟೆ. ಇನ್ನೊಂದು ಸಂಗತಿಯೂ ಉಂಟು. 1980ರ ದಶಕದ ನಡುವಿನವರೆಗೆ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟುತ್ತಿದ್ದರು. ಗೊಣಗುತ್ತಲೇ ಕಟ್ಟಿದರೂ, ಬಾನುಲಿಗೆ ತಾವೂ ಕಾಸು ತೆತ್ತವರೆಂಬ ಹಕ್ಕು ಅವರಿಗಿತ್ತು.

ಷರತ್ತಿನ ಪ್ರಶ್ನೆ

ನೆರವು ಎಂದೊಡನೆ ಷರತ್ತಿನ ಮಾತು ಬರುತ್ತದೆ. 1962ರ ಚೀನಾ ಯುದ್ಧದ ಬಿಸಿ ಆರುವ ಮೊದಲೇ, 1963ರ ಜುಲೈಯಲ್ಲಿ, ಕಲ್ಕತ್ತೆಯಲ್ಲಿ 1000 ಕಿಲೊವಾಟ್ ಶಕ್ತಿಯ ಪ್ರೇಷಕವನ್ನು ನಿಲ್ಲಿಸಲು ನಮ್ಮ ಸರ್ಕಾರವೂ ಅಮೆರಿಕಾ ಸರ್ಕಾರವೂ ಒಪ್ಪಂದ ಮಾಡಿಕೊಂಡವು. ಯಂತ್ರ ಅವರದು. ಅದಕ್ಕೆ ಪ್ರತಿಯಾಗಿ ದಿನಕ್ಕೆ ಮೂರು ಗಂಟೆ ‘ವಾಯ್ಸ್ ಆಫ್ ಅಮೆರಿಕಾ’ ಅದೇ ಯಂತ್ರದಿಂದ ಆಗ್ನೇಯ ಏಷ್ಯಕ್ಕೆ ಪ್ರಸಾರ ಮಾಡಬೇಕು. ಅಲಿಪ್ತ ನೀತಿಯ ದೇಶದ ನೆಲದಿಂದ ಇನ್ನೊಂದು ದೇಶದ ಪ್ರಚಾರವೆ ಎಂದು ಕೂಗೆದ್ದಿತು. ನೆಹರೂ ಅವರ ಸರ್ಕಾರ ಒಪ್ಪಂದವನ್ನು ಕೈಬಿಟ್ಟಿತು. ಮುಂದೆ ಕಲ್ಕತ್ತೆಯ ಬಳಿಯ ಚಿನ್ಸುರಾದಲ್ಲಿ ನಿಂತದ್ದು ಅಷ್ಟೇ ಶಕ್ತಿಯ ಸೋವಿಯತ್ ಯಂತ್ರ. ಯಂತ್ರ ಕೊಟ್ಟವರು ಬದಲಾದರು. ಮಾತು ನಮ್ಮದಾಗಿರಬೇಕೆಂಬ ಹಟ ಬದಲಾಗಲಿಲ್ಲ.

ಹನ್ನೆರಡು ವರ್ಷಗಳ ಅನಂತರ ಅಮೆರಿಕಾದ ನೆರವು ಇನ್ನೊಂದು ರೂಪದಲ್ಲಿ ಬಂದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾ ಸಂಸ್ಥೆಯ ಎ.ಟಿ.ಎಸ್-6 ಉಪಗ್ರಹ ನಮ್ಮ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ತಂದಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ವಿದ್ಯುದ್ದೀಪವನ್ನೇ ಹೊಸದಾಗಿ ಕಂಡ ಜನ ಶಾಲೆಯ ಮುಂದೆ ನೆಲದ ಮೇಲೆ ಕುಳಿತು ಚಿತ್ರವನ್ನು ನೋಡಿದರು. ಒಂದು ವರ್ಷ ಮುಗಿಯಿತು. ಉಪಗ್ರಹ ಅವರದು, ಹಿಂದಕ್ಕೆ ಹೋಯಿತು. ಪೆಟ್ಟಿಗೆಗಳು ಒಂದೇ ರಾತ್ರಿಗೆ ಕುರುಡಾದವು.

ಇಷ್ಟಕ್ಕೇ ನಿಂತಿದ್ದರೆ ಇದು ದುಃಖದ ಕಥೆಯಾಗುತ್ತಿತ್ತು. ಆದರೆ 1969ರ ಒಪ್ಪಂದದಲ್ಲಿಯೇ ವಿಕ್ರಮ್ ಸಾರಾಭಾಯಿ ಮೊದಲಾದವರು ಒಂದು ಎಚ್ಚರ ವಹಿಸಿದ್ದರು. ಉಪಗ್ರಹವನ್ನುಳಿದು ಮಿಕ್ಕೆಲ್ಲ ನಮ್ಮ ಹೊಣೆ. ಹಳ್ಳಿಗಳಿಗೆ ಬೇಕಾದ ಪೆಟ್ಟಿಗೆಗಳನ್ನೂ ಅಲ್ಯೂಮಿನಿಯಮ್ ಕೋಳಿಬಲೆಯಂಥ ಜಾಲರಿಯ ಆಂಟೆನಾಗಳನ್ನೂ ನಮ್ಮವರೇ ಮಾಡಿದರು, ನಮ್ಮವರೇ ದುರಸ್ತಿ ಮಾಡಿದರು. ಕಾರ್ಯಕ್ರಮಗಳನ್ನು ನಮ್ಮವರೇ ತಯಾರಿಸಿದರು. ಆದ್ದರಿಂದ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಎದ್ದಿತು; 1980ರ ದಶಕದಲ್ಲಿ ನಮ್ಮದೇ ಇನ್‌ಸ್ಯಾಟ್ ಉಪಗ್ರಹ ಬಂದಿತು. ಎರವಲು ಪಡೆದದ್ದು ಹಿಂದಿರುಗುತ್ತದೆಂಬುದನ್ನು ಬಲ್ಲವನು ಎರವಲಿನ ದಿನಗಳಲ್ಲಿಯೇ ಸ್ವಂತದ್ದನ್ನು ಕಟ್ಟಿಕೊಳ್ಳುತ್ತಾನೆ.

ಕಾಗದದ ಕಥೆ

ಈಗ ಮತ್ತೆ ಭದ್ರಾವತಿಗೆ ಬರೋಣ. ನೆರವಿನ ಶಾಸ್ತ್ರಜ್ಞರು ಪತ್ರಕರ್ತರಿಗೆ ತರಬೇತಿ, ಯಂತ್ರಗಳಿಗೆ ದೇಣಿಗೆ ಎಂದೆಲ್ಲ ಬರೆದರು. ಪತ್ರಿಕೆಯವನನ್ನು ಕೇಳಿದರೆ ಅವನ ಮೊದಲ ಚಿಂತೆ ಕಾಗದ. ಸ್ವಾತಂತ್ರ್ಯ ಬಂದಾಗ ನಮ್ಮ ಪತ್ರಿಕೆಗಳೆಲ್ಲ ಪರದೇಶದ ಸುದ್ದಿಕಾಗದವನ್ನೇ ನಂಬಿದ್ದವು. 1955ರಲ್ಲಿ ಮಧ್ಯಪ್ರದೇಶದ ನೇಪಾನಗರದಲ್ಲಿ ಮೊದಲ ಸುದ್ದಿಕಾಗದ ತಯಾರಾಯಿತು. ಅದು ಸಾಲದೆ, ಹೊರಗಿನ ಕಾಗದಕ್ಕೆ ಬೇಕಾದ ವಿದೇಶಿ ವಿನಿಮಯವೂ ಸಾಲದೆ, ಸರ್ಕಾರ ಕಾಗದವನ್ನು ಅಳೆದು ಹಂಚಿತು. ಪುಟಗಳಿಗೂ ಮಿತಿ ಹಾಕಿತು. ಆ ಮಿತಿ ಮಾತಿನ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು 1972ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾಗದ ಯಾರ ಕೈಯಲ್ಲಿದೆಯೊ ಪತ್ರಿಕೆಯ ಕುತ್ತಿಗೆ ಅವರ ಕೈಯಲ್ಲಿದೆ ಎಂಬುದು ಅಂದಿನ ಸಂಪಾದಕರಿಗೆ ಚೆನ್ನಾಗಿ ಗೊತ್ತಿತ್ತು.

1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸ್ಥಾಪಿತವಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಗಿ, 1981ರಲ್ಲಿ ಸುದ್ದಿಕಾಗದವನ್ನು ತಯಾರಿಸತೊಡಗಿತು. ಕಾಲವನ್ನು ಗಮನಿಸಬೇಕು. ಅದಕ್ಕೆ ಒಂದೇ ವರ್ಷ ಮೊದಲು, 1980ರಲ್ಲಿ, ಐರ್ಲೆಂಡಿನ ಷಾನ್ ಮ್ಯಾಕ್‌ಬ್ರೈಡ್ ಅವರ ಅಧ್ಯಕ್ಷತೆಯ ಆಯೋಗ ಯುನೆಸ್ಕೊಗೆ ತನ್ನ ವರದಿ ಕೊಟ್ಟಿತ್ತು. ನಮ್ಮ ಬಿ.ಜಿ. ವರ್ಗೀಸ್ ಅವರೂ ಅದರ ಸದಸ್ಯರು. ಲೋಕದ ಸುದ್ದಿಯೆಲ್ಲ ಕೆಲವೇ ಶ್ರೀಮಂತ ದೇಶಗಳ ಏಜೆನ್ಸಿಗಳ ಮೂಲಕ ಹರಿಯುತ್ತಿದೆ, ಬಡ ದೇಶಗಳು ಕೇಳುವವರಾಗಿ ಮಾತ್ರ ಉಳಿದಿವೆ ಎಂಬುದು ಅಂದಿನ ದೂರು. ಅದೇ ವರ್ಷ ಯುನೆಸ್ಕೊ ಸಂಪರ್ಕಸಾಧನಗಳ ನೆರವಿಗೆಂದೇ ಒಂದು ಅಂತರರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ವಾದ ಬಿಸಿಯೇರಿ, 1984ರ ಕೊನೆಗೆ ಅಮೆರಿಕಾ ಯುನೆಸ್ಕೊವನ್ನೇ ಬಿಟ್ಟು ನಡೆಯಿತು. ಪ್ಯಾರಿಸಿನಲ್ಲಿ ಈ ಚರ್ಚೆ ನಡೆಯುತ್ತಿದ್ದಾಗ ಭದ್ರೆಯ ದಡದಲ್ಲಿ ಕಾಗದದ ಸುರುಳಿಗಳು ಸದ್ದಿಲ್ಲದೆ ಹೊರಬರುತ್ತಿದ್ದವು. ಭಾಷಣಕ್ಕಿಂತ ಇದು ಗಟ್ಟಿಯಾದ ಉತ್ತರವೆಂದು ಅಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ‘ನಮ್ಮದು’ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಲಿಲ್ಲ. ಕಾಗದಕ್ಕೆ ಮರ ಬೇಕು. ಮಲೆನಾಡಿನ ಸುಮಾರು 30,000 ಹೆಕ್ಟೇರ್ ಅರಣ್ಯಭೂಮಿಯನ್ನು ಕಾರ್ಖಾನೆಗೆ ಗುತ್ತಿಗೆ ಕೊಟ್ಟು ನೀಲಗಿರಿ, ಅಕೇಶಿಯಾ ಬೆಳೆಸಿದರು. ಹಕ್ಕಿ ಕೂರದ, ಹಸು ಮುಟ್ಟದ ಮರಗಳೆಂದು ಹಳ್ಳಿಯವರು ಅವನ್ನು ದೂರಿದರು. 1990ರ ದಶಕದ ನಡುವಿನಲ್ಲಿ ಸುದ್ದಿಕಾಗದದ ಆಮದಿಗಿದ್ದ ಕಟ್ಟುಗಳು ಸಡಿಲಾದ ಮೇಲೆ ಅಗ್ಗದ ಪರದೇಶಿ ಕಾಗದದ ಮುಂದೆ ಭದ್ರಾವತಿಯ ಕಾಗದ ನಿಲ್ಲಲಾರದೆ ಹೋಯಿತು. ನಷ್ಟ ಬೆಳೆಯಿತು, ಹಳೆಯ ಯಂತ್ರಗಳನ್ನು ಹೊಸದು ಮಾಡುವ ಹಣ ಬರಲಿಲ್ಲ. 2015-16ರ ಹೊತ್ತಿಗೆ ಉತ್ಪಾದನೆ ನಿಂತೇಹೋಯಿತು. ಕಾರ್ಖಾನೆ ಮಲಗಿದ್ದರೂ 2020ರಲ್ಲಿ ಸರ್ಕಾರ ಆ ಅರಣ್ಯದ ಗುತ್ತಿಗೆಯನ್ನು ಇನ್ನೂ 40 ವರ್ಷ ಮುಂದುವರಿಸಲು ಹೊರಟಾಗ ಮಲೆನಾಡು ಎದ್ದು ಪ್ರತಿಭಟಿಸಿತು. 2022ರಲ್ಲಿ ಉಕ್ರೇನಿನ ಯುದ್ಧ ಆರಂಭವಾದೊಡನೆ ಸುದ್ದಿಕಾಗದದ ಬೆಲೆ ಏರಿ ನಮ್ಮ ಪತ್ರಿಕೆಗಳು ಬಸವಳಿದಾಗ, ಹೊರಗಿನ ಕಾಗದವನ್ನು ನಂಬಿದ್ದ ಹಳೆಯ ದಿನಗಳು ಹಿಂದಿರುಗಿದಂತೆ ಆಯಿತು.

ಮೈಸೂರಿನಲ್ಲಿಯೂ ಇದೇ ಬಗೆಯ ಕಥೆಯೊಂದಿದೆ. ಅಲ್ಲಿನ ಕೇಂದ್ರ ಸರ್ಕಾರದ ಪಠ್ಯಪುಸ್ತಕ ಮುದ್ರಣಾಲಯ ಪಶ್ಚಿಮ ಜರ್ಮನಿಯ ಸಹಕಾರದಿಂದ ನೆಲೆಗೊಂಡದ್ದು. ಚಂಡೀಗಢ, ಭುವನೇಶ್ವರಗಳಲ್ಲಿಯೂ ಅಂಥವೇ ಇದ್ದವು. ಜರ್ಮನರು ಯಂತ್ರಗಳನ್ನು ಹಿಂದಕ್ಕೆ ಕೇಳಲಿಲ್ಲ. 2017ರಲ್ಲಿ ನಮ್ಮ ಸರ್ಕಾರವೇ ಈ ಮೂರನ್ನೂ ಮುಚ್ಚಿ ನೆಲವನ್ನು ರಾಜ್ಯಗಳಿಗೆ ಒಪ್ಪಿಸಲು ತೀರ್ಮಾನಿಸಿತು. ಕೈಬಿಡುವವರು ಯಾವಾಗಲೂ ಪರದೇಶೀಯರೇ ಆಗಬೇಕಿಲ್ಲ. ಮಲೆನಾಡಿನ ಹಳ್ಳಿಗೆ ದೆಹಲಿಯೂ ದೂರ, ಬೆಂಗಳೂರೂ ದೂರ. ಮೇಲಿನಿಂದ ಬಂದದ್ದು ಎಲ್ಲಿಂದ ಬಂದರೂ ಮೇಲಿನವರ ಮನಸ್ಸು ಬದಲಾದಾಗ ಹೋಗಬಹುದು.

ಹೆಗ್ಗೋಡಿನ ಪಾಠ

ಹಾಗಾದರೆ ಹೊರಗಿನ ನೆರವೇ ಬೇಡವೆ? ಹಾಗೆನ್ನುವುದು ಅವಸರದ ಮಾತು. ಇದೇ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹೆಗ್ಗೋಡಿಗೆ ಹೋಗಿ ನೋಡಬೇಕು. 1949ರಲ್ಲಿ ಊರಿನ ಯುವಕರು ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಮೂರು ದಶಕ ತನ್ನ ಕಾಲ ಮೇಲೆಯೇ ನಿಂತಿತ್ತು. ಅಡಕೆ ತೋಟದ ಕೆ.ವಿ. ಸುಬ್ಬಣ್ಣನವರು 1957ರಲ್ಲಿ ಅಕ್ಷರ ಪ್ರಕಾಶನ ಆರಂಭಿಸಿದರು. 1973ರಲ್ಲಿ ಚಿತ್ರಸಮಾಜ ಬಂದು, ಸತ್ಯಜಿತ್ ರಾಯ್, ಕುರೋಸಾವಾ ಅವರ ಚಿತ್ರಗಳನ್ನು ಹಳ್ಳಿಯವರು ಕುಳಿತು ನೋಡಿ ಚರ್ಚಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಇಷ್ಟೆಲ್ಲ ಆದ ಮೇಲೆ, 1983ರಲ್ಲಿ, ಅಮೆರಿಕಾದ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ಆರಂಭವಾಗಿ, ನಾಟಕವೂ ಚಲನಚಿತ್ರ ಶಿಬಿರಗಳೂ ನಾಡಿನ ಹಳ್ಳಿಗಳಿಗೆ ಹೋದವು. 1985ಕ್ಕೆ ಯೋಜನೆ ಮುಗಿಯಿತು. ಅಂಗಡಿ ಮುಚ್ಚಲಿಲ್ಲ! ಅದೇ ವರ್ಷ ‘ತಿರುಗಾಟ’ ಹೊರಟಿತು. ಊರೂರಿನ ಸಂಘಗಳು ಕರೆಸಿಕೊಂಡು, ಜನ ಟಿಕೆಟು ಕೊಂಡು ನೋಡುವ ಆ ನಾಟಕ ತಂಡ ಇಂದಿಗೂ ಸಂಚರಿಸುತ್ತಿದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸಂಪರ್ಕಕಲೆಗಳ ವಿಭಾಗದಲ್ಲಿ ಎಂಬುದು ನೆನೆಯತಕ್ಕ ಸಂಗತಿ.

ಕೋಲಾರ ಜಿಲ್ಲೆಯ ಬೂದಿಕೋಟೆಯದು ಇನ್ನೊಂದು ಉದಾಹರಣೆ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದ್ದರೂ, ಹಳ್ಳಿಯವರು ಸ್ವಂತ ಬಾನುಲಿ ನಡೆಸಲು ಕಾನೂನು ಬಿಡುತ್ತಿರಲಿಲ್ಲ. 2000ರ ದಶಕದ ಮೊದಲ ವರ್ಷಗಳಲ್ಲಿ ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೊದ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ಯನ್ನು ಆರಂಭಿಸಿ, ಗಾಳಿಯಲ್ಲಿ ಹರಿಸಲಾಗದ ಮಾತನ್ನು ಕೇಬಲ್ ತಂತಿಯಲ್ಲಿ ಮನೆಗಳಿಗೆ ಕಳುಹಿಸಿದವು. ಸ್ವಸಹಾಯ ಸಂಘದ ಹೆಂಗಸರು ಧ್ವನಿಮುದ್ರಣ ಕಲಿತು ನೀರಿನ, ಬೀಜದ, ಸಾಲದ ಮಾತನ್ನಾಡಿದರು. ಇಂಥ ಪ್ರಯೋಗಗಳು ಕೊಟ್ಟ ಧೈರ್ಯದಿಂದ ಒತ್ತಾಯ ಬೆಳೆದು, 2006ರಲ್ಲಿ ಸರ್ಕಾರ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅನುಮತಿ ನೀಡಿತು. ಇಂದು ಶಿವಮೊಗ್ಗೆಯಲ್ಲಿಯೇ 90.8ರಲ್ಲಿ ‘ರೇಡಿಯೋ ಶಿವಮೊಗ್ಗ’ ಎಂಬ ಸಮುದಾಯ ಬಾನುಲಿ ಇದೆ.

ಈ ಕಥೆಗಳನ್ನೆಲ್ಲ ಒಟ್ಟಿಗೆ ನೋಡಿದಾಗ ನೆರವಿನ ಬೆಲೆ ಕಟ್ಟುವ ಕ್ರಮವೇ ಬದಲಾಗಬೇಕೆಂದು ತೋರುತ್ತದೆ. ಎಷ್ಟು ಯಂತ್ರ ಬಂದಿತು, ಎಷ್ಟು ಜನಕ್ಕೆ ತರಬೇತಿಯಾಯಿತು ಎಂದು ಕೇಳುವುದು ಸಾಲದು. ಯಂತ್ರ ಕೆಟ್ಟರೆ ದುರಸ್ತಿ ಮಾಡುವವರು ಯಾರು? ಅದರಲ್ಲಿ ಮಾತನಾಡುವವರು ಯಾರು? ಕೊಡುವವರು ನಿಲ್ಲಿಸಿದ ಮರುದಿನ ಅದಕ್ಕೆ ಕಾಸು ಹಾಕುವವರು ಯಾರು? ಮೊದಲ ಪ್ರಶ್ನೆಗೆ ಬೆಂಗಳೂರಿನ ಕಾರ್ಖಾನೆಯೂ ಉಪಗ್ರಹ ಪ್ರಯೋಗದವರೂ ಉತ್ತರ ಕೊಟ್ಟರು. ಎರಡನೆಯದಕ್ಕೆ ಬೂದಿಕೋಟೆಯ ಹೆಂಗಸರು, ಮೂರನೆಯದಕ್ಕೆ ತಿರುಗಾಟದ ಪ್ರೇಕ್ಷಕರು ಉತ್ತರ ಕೊಟ್ಟರು. ಮೂರಕ್ಕೂ ಉತ್ತರವಿಲ್ಲದ ನೆರವು ಎಷ್ಟೇ ಕೋಟಿಯದಾದರೂ ಚಾವಡಿಯ ಗೂಡಿನ ಪಂಚಾಯಿತಿ ರೇಡಿಯೋ.

ಆದರೂ ಒಂದು ಮಾತು ಹೇಳದೆ ಮುಗಿಸಬಾರದು. ಯುದ್ಧದ ನಾಡಿನಲ್ಲಿ, ಸರ್ವಾಧಿಕಾರಿಯ ನಾಡಿನಲ್ಲಿ ಪತ್ರಿಕೆ ನಡೆಸುವವನಿಗೆ ಊರಿನವರ ಕಾಸು ಸಿಗದಿರಬಹುದು. ಕೊಂಡು ಓದುವುದೇ ಅಲ್ಲಿ ಅಪರಾಧ. ಅಂಥವನಿಗೆ ಹೊರಗಿನ ಕೈ ಬೇಕೇ ಬೇಕು, ಅದೂ ಬೆಳಗಾಗುವುದರೊಳಗೆ ಹಿಂದೆ ಸರಿಯದ ಕೈ. ನಮ್ಮ ಪಾಡು ಹಾಗಿಲ್ಲ. ಇಲ್ಲಿ ಕೊಂಡು ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ; ಕೊಳ್ಳುವ ಅಭ್ಯಾಸವೇ ತಪ್ಪುತ್ತಿದೆ. ಶಿವಮೊಗ್ಗೆಯ ಬಸ್ ನಿಲ್ದಾಣದಲ್ಲಿ ಒಂದು ಪತ್ರಿಕೆಯನ್ನು ನಾಲ್ಕು ಜನ ಹಂಚಿಕೊಂಡು ಓದುತ್ತಿದ್ದ ಕಾಲವೊಂದಿತ್ತು. ಈಗ ನಾಲ್ವರ ಕೈಯಲ್ಲೂ ಫೋನಿದೆ. ಅದರಲ್ಲಿ ಬರುವ ಸುದ್ದಿ ಪುಕ್ಕಟೆ ಎಂದು ಅವರು ನಂಬಿದ್ದಾರೆ. ಪುಕ್ಕಟೆ ಬಂದದ್ದರ ಹಿಂದೆಯೂ ಕೊಟ್ಟವನೊಬ್ಬ ಇರುತ್ತಾನೆ, ಅವನಿಗೂ ಒಂದು ಉದ್ದೇಶ ಇರುತ್ತದೆ ಎಂಬುದನ್ನು ನೂರಎಂಬತ್ತು ವರ್ಷಗಳ ಕಥೆ ನಮಗೆ ಹೇಳಿದೆ.

ಭದ್ರೆಯ ದಡದ ಕಾಗದದ ಯಂತ್ರಗಳು ಮತ್ತೆ ತಿರುಗುತ್ತವೆಯೊ ಇಲ್ಲವೊ, ಅದು ಸರ್ಕಾರದ ಮಾತು. ಈ ಪತ್ರಿಕೆಯನ್ನು ಹಿಡಿದು ಓದುತ್ತಿರುವವರು ತೆತ್ತ ಕಾಸು ಮಾತ್ರ ಯಾವ ಸರ್ಕಾರದ ಆಜ್ಞೆಯಿಂದಲೂ ಒಂದೇ ದಿನದಲ್ಲಿ ನಿಲ್ಲುವಂಥದ್ದಲ್ಲ. ಅದನ್ನು ನಿಲ್ಲಿಸಬಲ್ಲವರು ಅವರೊಬ್ಬರೆ.